ಒಳಗಿನ ಪ್ಯಾಡು ನೋಡಿದ್ರಾ?

ಸದ್ದು ಮೊದಲು ಕೇಳಿಸಿದ್ದು ಸ್ಟೀರಿಂಗ್ ಹಿಡಿದಿದ್ದ ನನಗಲ್ಲ, ಹಿಂದಿನ ಸೀಟಿನಲ್ಲಿ ಕೂತಿದ್ದ ಅತ್ತೆಗೆ.

ತಿಂಗಳಿಗೊಮ್ಮೆ ಅತ್ತೆಯ ಕಣ್ಣಿನ ಚಿಕಿತ್ಸೆಗೆಂದು ತೀರ್ಥಹಳ್ಳಿಯಿಂದ ಹೊರಟು, ಆಗುಂಬೆ ಘಾಟಿ ಇಳಿದು, ಉಡುಪಿ ಕಡೆ ಹೋಗಿ ಬರುವುದು ಒಂದೂವರೆ ವರ್ಷದಿಂದ ನಡೆದಿದೆ. ಮನೆಯವರಿಗೆ ವಾರವಿಡೀ ಬೆಂಗಳೂರಲ್ಲಿ ಕೆಲಸ. ಹಾಗಾಗಿ ಗಾಡಿ ಓಡಿಸುವವಳು ನಾನೇ. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವಾಗ 14 ಹೇರ್‌ಪಿನ್ ತಿರುವುಗಳು ಸಿಗುತ್ತವೆ. ಮೂರನೆಯದೋ ನಾಲ್ಕನೆಯದೋ ತಿರುವಿನಲ್ಲಿ ಅತ್ತೆ, "ಎಂಥದೇ ಅದು, ಯಾರೋ ತಗಡಿನ ಮೇಲೆ ಮೊಳೆ ಎಳೆದ ಹಾಗೆ ಕೇಳ್ತಿದೆಯಲ್ಲ?" ಅಂದರು. ಅತ್ತೆಗೆ ಕಣ್ಣು ಮಂದವಾದಷ್ಟೂ ಕಿವಿ ಚುರುಕಾಗಿದೆ. ಹಾಡು ನಿಲ್ಲಿಸಿ, ಕಿಟಕಿ ಇಳಿಸಿ ಕೇಳಿದೆ. ಬ್ರೇಕ್ ಒತ್ತಿದರೆ "ಕರ್ರ್..." ಎಂಬ ಸದ್ದು, ಬಿಟ್ಟರೆ ಇಲ್ಲ. ಅದೂ ಅಲ್ಲದೆ ಒತ್ತಿದಾಗಲೆಲ್ಲ ಗಾಡಿ ತುಸು ಬಲಕ್ಕೆ ವಾಲಿದ ಹಾಗೆ.

ಎದೆ ಧಸಕ್ಕೆಂದಿತು. ಒಂದು ಪಕ್ಕ ಬಂಡೆ, ಇನ್ನೊಂದು ಪಕ್ಕ ಕಣಿವೆ, ಹಿಂದೆ ಬಸ್ಸು. ಎರಡನೇ ಗೇರಿಗೆ ಇಳಿಸಿ, ಅಗತ್ಯ ಬಿದ್ದಲ್ಲಿ ಮೊದಲನೇ ಗೇರಿಗೂ ತಂದು, ಬ್ರೇಕಿಗೆ ಆದಷ್ಟು ಕಡಿಮೆ ಕೆಲಸ ಕೊಟ್ಟು ಸೋಮೇಶ್ವರ ಮುಟ್ಟಿದೆ. ಇಳಿದು ನೋಡಿದರೆ ಎಡಗಡೆ ಮುಂದಿನ ಚಕ್ರದಿಂದ ಸುಟ್ಟ ವಾಸನೆ. ಪಕ್ಕದಲ್ಲಿದ್ದವರೊಬ್ಬರು ಬಾಟಲಿ ನೀರು ಸುರಿಯಲು ಬಂದರು, ಬೇಡವೆಂದು ತಡೆದೆ. ಕಾದ ಡಿಸ್ಕಿಗೆ ತಣ್ಣೀರು ಹೊಯ್ದರೆ ಅದು ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು. ತಾನಾಗಿ ಆರಲು ಬಿಡಬೇಕು. ಅವತ್ತು ಅಲ್ಲಿಂದ ಮುಂದೆ ಬೇರೆ ಗಾಡಿ ಮಾಡಿಕೊಂಡು ಆಸ್ಪತ್ರೆಗೆ ಹೋದೆವು. ನಮ್ಮ ಗಾಡಿಯನ್ನು ಮರುದಿನ ಬೆಳಗ್ಗೆ, ಘಾಟಿ ಹತ್ತುವ ದಿಕ್ಕಿನಲ್ಲಿ, ಖಾಲಿಯಾಗಿ, ನಿಧಾನಕ್ಕೆ ಮನೆಗೆ ತಂದೆ.

ಈ ಅಂಕಣ ಓದುವವರಿಗೆ ಗೊತ್ತೇ ಇದೆ, ನಾನು ಕೈಗೆ ಸಿಕ್ಕಿದ್ದನ್ನೆಲ್ಲ ಬಿಚ್ಚುವವಳು. ನಲ್ಲಿಯ ವಾಷರ್, ಮಿಕ್ಸಿಯ ಕಪ್ಲರ್, ಫ್ಯಾನಿನ ಕೆಪಾಸಿಟರ್ ಎಲ್ಲ ಬರೆದಾಗಿದೆ. ಅದರಲ್ಲಿ ಯಾವುದು ಕೆಟ್ಟರೂ ಆಗುವ ನಷ್ಟ ಒಂದು ದಿನದ ಚಟ್ನಿ, ಒಂದು ರಾತ್ರಿಯ ಸೆಖೆ. ಬ್ರೇಕ್ ಹಾಗಲ್ಲ. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ, ಇದನ್ನು ಓದಿ ಎಲ್ಲರೂ ಸ್ಪ್ಯಾನರ್ ಹಿಡಿಯಲಿ ಅಂತ ಬರೆಯುತ್ತಿಲ್ಲ. ಹಿಡಿದರೂ ಹಿಡಿಯದಿದ್ದರೂ ಒಳಗೆ ಏನಿದೆ, ಏನು ಕೇಳಬೇಕು ಅಂತ ಗೊತ್ತಿರಲಿ, ಅಷ್ಟೇ.

ನನ್ನನ್ನು ಕಾಡಿದ ಸಂಗತಿ ಬೇರೆಯಿತ್ತು. ಎರಡೇ ತಿಂಗಳ ಹಿಂದೆ ಗಾಡಿ ಸರ್ವಿಸ್ ಆಗಿತ್ತು. ಚೀಟಿ ತೆಗೆದು ನೋಡಿದೆ. 'ಮುಂದಿನ ಬ್ರೇಕ್ ಪ್ಯಾಡ್: ಓಕೆ' ಅಂತ ಟಿಕ್ ಬಿದ್ದಿತ್ತು. ಫೋನ್ ಮಾಡಿದರೆ, "ಮೇಡಂ, ಹುಡುಗ ಟಾರ್ಚ್ ಹಾಕಿ ನೋಡಿದ್ದಾನೆ, ಅರ್ಧಕ್ಕಿಂತ ಜಾಸ್ತಿ ಇತ್ತು" ಅಂದರು. ಸುಳ್ಳು ಹೇಳುವ ದನಿ ಆಗಿರಲಿಲ್ಲ. ಹಾಗಾದರೆ ಈ ಸದ್ದು ಎಲ್ಲಿಂದ?

ಪಕ್ಕದ ಮನೆಯಲ್ಲೇ ನಮ್ಮ ಸಣ್ಣ ಮಾವ ಇದ್ದಾರೆ. ಸಾರಿಗೆ ಸಂಸ್ಥೆಯ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದವರು. ಮಂಡಿ ಮಡಚಲು ಆಗುವುದಿಲ್ಲ, ಬಾಯಿಗೆ ಮಾತ್ರ ನಿವೃತ್ತಿ ಇಲ್ಲ. ಕತೆ ಕೇಳಿ, "ಬಿಚ್ಚದೆ ಎಂಥದೂ ಹೇಳಕ್ಕಾಗಲ್ಲ ಮಾರಾಯ್ತಿ. ಭಾನುವಾರ ಬಿಚ್ಚು. ನಾನು ಕುರ್ಚಿ ಹಾಕ್ಕೊಂಡು ಕೂತ್ಕೋತೀನಿ" ಅಂದರು. ಮನೆಯವರಿಗೆ ಫೋನಿನಲ್ಲಿ ಹೇಳಿದೆ. "ಬ್ರೇಕಿಗೆಲ್ಲ ಕೈ ಹಾಕ್ಬೇಡ ಕಣೇ" ಅಂದರು. ಮಾವ ಇರುತ್ತಾರೆ ಅಂದ ಮೇಲೆ ಸ್ವಲ್ಪ ಸಮಾಧಾನ ಆಯಿತು.

ಭಾನುವಾರ ತಿಂಡಿ ಮುಗಿಸಿ ಶುರು ಮಾಡಿದೆವು. ಮಗಳು ನೋಟ್‌ಬುಕ್ ಹಿಡಿದು ಪ್ರತಿ ಹಂತವನ್ನೂ ಬರೆದುಕೊಂಡು ಆದದ್ದಕ್ಕೆ ಟಿಕ್ ಹಾಕುವುದು ಅಂತ ಒಪ್ಪಂದ. ಅಂಗಳದ ಸಮತಟ್ಟಾದ ಭಾಗದಲ್ಲಿ ಗಾಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಹಿಂದಿನ ಎರಡೂ ಚಕ್ರಗಳಿಗೆ ಮರದ ತುಂಡು ಅಡ್ಡ ಕೊಟ್ಟೆವು. ಚಕ್ರದ ನಟ್ಟುಗಳನ್ನು ಗಾಡಿ ಎತ್ತುವ ಮೊದಲೇ ಅರ್ಧ ಸುತ್ತು ಸಡಿಲಿಸಬೇಕು. ಎತ್ತಿದ ಮೇಲೆ ಜೋರು ಹಾಕಿದರೆ ಗಾಡಿ ಜಾಕಿನಿಂದ ಜಾರುವ ಭಯ. ಜಾಕ್ ಕೊಟ್ಟು ಎತ್ತಿದ ಮೇಲೆ ಕೆಳಗೆ ಸ್ಟ್ಯಾಂಡ್ ಇಟ್ಟೆವು. ಬಿಚ್ಚಿದ ಚಕ್ರವನ್ನೂ ಗಾಡಿಯಡಿಗೆ ಮಲಗಿಸಿದೆವು. "ಜಾಕ್ ಇರೋದು ಎತ್ತೋದಕ್ಕೆ, ಹೊರೋದಕ್ಕಲ್ಲ" ಎಂಬುದು ಮಾವನ ಮೊದಲ ಪಾಠ. ಎರಡನೆಯ ಪಾಠ, ಒಂದು ಸಲಕ್ಕೆ ಒಂದೇ ಪಕ್ಕ ಬಿಚ್ಚುವುದು. ಯಾವ ಕ್ಲಿಪ್ ಎಲ್ಲಿತ್ತು ಅಂತ ಮರೆತರೆ ಇನ್ನೊಂದು ಪಕ್ಕ ನೋಡಿಕೊಳ್ಳಬಹುದು.

ಎಡ ಚಕ್ರ ಕಳಚಿದಾಗ ನನಗೂ ಆಶ್ಚರ್ಯ. ಹೊರಗಿನಿಂದ ಕಾಣುವ ಪ್ಯಾಡಿನಲ್ಲಿ ಐದು ಮಿಲಿಮೀಟರಿನಷ್ಟು ದಪ್ಪ ಇನ್ನೂ ಇತ್ತು. ಡಿಸ್ಕಿನ ಹೊರಮೈ ನುಣ್ಣಗೆ ಹೊಳೆಯುತ್ತಿತ್ತು. "ಮಾವ, ಚೆನ್ನಾಗೇ ಇದೆಯಲ್ಲ?" ಅಂದೆ. "ಕ್ಯಾಲಿಪರ್ ಬಿಚ್ಚು, ಆಮೇಲೆ ಮಾತಾಡು" ಅಂದರು.

ಕ್ಯಾಲಿಪರ್ ಅಂದರೆ ಡಿಸ್ಕನ್ನು ಎರಡೂ ಕಡೆಯಿಂದ ಅಮುಕುವ ಇಕ್ಕಳ. ನಮ್ಮಂಥ ಸಣ್ಣ ಗಾಡಿಗಳಲ್ಲಿ ಅದಕ್ಕೆ ಒಂದೇ ಪಿಸ್ಟನ್, ಅದೂ ಒಳಗಡೆ. ಪೆಡಲ್ ಒತ್ತಿದಾಗ ಪಿಸ್ಟನ್ ಒಳಗಿನ ಪ್ಯಾಡನ್ನು ಡಿಸ್ಕಿಗೆ ದೂಡುತ್ತದೆ. ಆಗ ಕ್ಯಾಲಿಪರ್‌ನ ಇಡೀ ಮೈ ಎರಡು ಪಿನ್ನುಗಳ ಮೇಲೆ ಜಾರಿ ಹಿಂದೆ ಸರಿದು ಹೊರಗಿನ ಪ್ಯಾಡನ್ನೂ ಎಳೆದು ಒತ್ತುತ್ತದೆ. ಈ ಪಿನ್ನುಗಳು ಸಲೀಸಾಗಿ ಜಾರುತ್ತಿರುವವರೆಗೆ ಎರಡೂ ಪ್ಯಾಡುಗಳು ಹೆಚ್ಚುಕಡಿಮೆ ಸಮನಾಗಿ ಸವೆಯುತ್ತವೆ.

ಎರಡು ಬೋಲ್ಟ್ ಬಿಚ್ಚಿ ಕ್ಯಾಲಿಪರ್ ಎತ್ತಿದೆ. ಅದನ್ನು ಹಾಗೇ ಜೋತುಬೀಳಲು ಬಿಡಬಾರದು, ಬ್ರೇಕಿನ ರಬ್ಬರ್ ಪೈಪಿಗೆ ಭಾರ ಬೀಳುತ್ತದೆ. ಬಟ್ಟೆ ಒಣಹಾಕುವ ತಂತಿಯ ತುಂಡಿನಿಂದ ಸ್ಪ್ರಿಂಗಿಗೆ ಕಟ್ಟಿದೆ. ಆಮೇಲೆ ಒಳಗಿನ ಪ್ಯಾಡು ಎಳೆದೆ. ಅದರಲ್ಲಿ ಉಳಿದದ್ದು ಕಬ್ಬಿಣದ ತಟ್ಟೆ, ಅದರ ಮೇಲೆ ಹಪ್ಪಳದಷ್ಟು ತೆಳ್ಳಗಿನ ಪದರ. ಒಂದು ಮೂಲೆಯಲ್ಲಿ ಅದೂ ಇಲ್ಲ. ಕಬ್ಬಿಣವೇ ಡಿಸ್ಕಿಗೆ ಉಜ್ಜಿ ಒಳಮೈ ಗ್ರಾಮಾಫೋನ್ ತಟ್ಟೆಯ ಹಾಗೆ ಗೀರುಗೀರಾಗಿತ್ತು.

ಅತ್ತೆಯನ್ನು ಕೂರಿಸಿಕೊಂಡು ಘಾಟಿ ಇಳಿದದ್ದು ಇದನ್ನು ನಂಬಿಕೊಂಡು. ಪ್ಯಾಡನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

"ಟಾರ್ಚ್ ಹಾಕಿದ ಹುಡುಗ ಸುಳ್ಳು ಹೇಳಲಿಲ್ಲ. ಕಂಡಷ್ಟು ಹೇಳಿದ. ಕಾಣದ್ದನ್ನೂ ಸೇರಿಸಿ ಟಿಕ್ ಹಾಕಿದ" ಅಂದರು ಮಾವ. ಕಾರಣ ಪಿನ್ನಿನಲ್ಲಿತ್ತು. ಕೆಳಗಿನ ಪಿನ್ನಿನ ರಬ್ಬರ್ ಬೂಟ್ ಹರಿದು, ಮಳೆನೀರು ಒಳಹೊಕ್ಕು, ತುಕ್ಕು ಹಿಡಿದು ಪಿನ್ ಕಚ್ಚಿಕೊಂಡಿತ್ತು. ಕ್ಯಾಲಿಪರ್ ಜಾರುತ್ತಿರಲಿಲ್ಲ. ಒಳಗಿನ ಪ್ಯಾಡ್ ಒಂದೇ ದುಡಿದು ಸತ್ತಿತ್ತು, ಹೊರಗಿನದು ಆರಾಮಾಗಿ ಕೂತಿತ್ತು. ಎಡ ಚಕ್ರದ ಹಿಡಿತ ಕಡಿಮೆಯಾಗಿ ಬಲ ಚಕ್ರವೇ ಜಾಸ್ತಿ ಹಿಡಿಯುತ್ತಿದ್ದುದರಿಂದ ಗಾಡಿ ಬಲಕ್ಕೆ ವಾಲುತ್ತಿತ್ತು.

ಇನ್ನೊಂದು ತಪ್ಪು ನನ್ನದೇ. ಅನೇಕ ಪ್ಯಾಡುಗಳಲ್ಲಿ ತೆಳುವಾದ ಉಕ್ಕಿನ ನಾಲಿಗೆಯೊಂದಿರುತ್ತದೆ. ಪ್ಯಾಡ್ ಸವೆದು ಎರಡು ಮೂರು ಮಿಲಿಮೀಟರಿಗೆ ಬಂದಾಗ ಅದು ಡಿಸ್ಕಿಗೆ ತಾಗಿ 'ಕೀಂ' ಅನ್ನುತ್ತದೆ. ಕುಕ್ಕರಿನ ಸೀಟಿಯ ಹಾಗೆ ಬೇಕೆಂದೇ ಇಟ್ಟ ಸದ್ದು. ಒಂದೆರಡು ವಾರ ಪೇಟೆಯಲ್ಲಿ ಓಡಾಡುವಾಗ ಆ ಕೀರಲು ನನಗೂ ಕೇಳಿಸಿತ್ತು. ಮಳೆಗಾಲದ ತುಕ್ಕು ಅಂದುಕೊಂಡೆ. ರಾತ್ರಿ ಮಳೆಗೆ ನೆನೆದ ಡಿಸ್ಕಿನ ಮೇಲೆ ತುಕ್ಕು ಕೂರುವುದು ನಿಜ. ಆದರೆ ಆ ಸದ್ದು ಬೆಳಗಿನ ಮೊದಲ ನಾಲ್ಕಾರು ಬ್ರೇಕಿಗೆ ಹೋಗಿಬಿಡುತ್ತದೆ. ಹೋಗದೆ ಉಳಿದ ಸದ್ದು ಏನೋ ಹೇಳುತ್ತಿದೆ ಅಂತಲೇ ಅರ್ಥ.

ಡಿಸ್ಕ್ ಉಳಿಸಿಕೊಳ್ಳಬಹುದೇ ಅಂತ ನೋಡಬೇಕಿತ್ತು. ಡಿಸ್ಕಿನ ಅಂಚಿನಲ್ಲೋ ನಡುವಿನ ಟೋಪಿಯಂಥ ಭಾಗದಲ್ಲೋ ಕನಿಷ್ಠ ದಪ್ಪ ಎಷ್ಟಿರಬೇಕೆಂದು ಕೊರೆದಿರುತ್ತಾರೆ. ನಮ್ಮದರಲ್ಲಿ 18 ಮಿಲಿಮೀಟರ್ ಎಂದಿತ್ತು. ವರ್ನಿಯರ್ ಹಿಡಿದು ಅಳೆದೆ, 19 ಬಂತು. ಖುಷಿಯಾಯಿತು. ಮಾವ ನಕ್ಕು, "ನೀನು ಅಳೆದದ್ದು ಅಂಚನ್ನ" ಅಂದರು. ಪ್ಯಾಡ್ ತಾಗದ ಹೊರ ಅಂಚು ಸವೆಯದೆ ದಿಣ್ಣೆಯಂತೆ ಉಳಿದಿರುತ್ತದೆ, ವರ್ನಿಯರಿನ ಬಾಯಿ ಅದರ ಮೇಲೇ ಕೂರುತ್ತದೆ. ಅವರು ಜೇಬಿನಿಂದ ಎರಡು ರೂಪಾಯಿ ನಾಣ್ಯ ತೆಗೆದು, ಪ್ಯಾಡ್ ಉಜ್ಜುವ ಜಾಗದಲ್ಲಿ ಡಿಸ್ಕಿನ ಆಚೆಗೊಂದು ಈಚೆಗೊಂದು ಇಟ್ಟು, ನಾಣ್ಯಗಳ ಸಮೇತ ಅಳೆಸಿದರು. ನಾಣ್ಯಗಳ ದಪ್ಪ ಕಳೆದಾಗ ಉಳಿದದ್ದು 17.2. ಅಂದರೆ ಡಿಸ್ಕಿನ ಆಯಸ್ಸು ಮುಗಿದಿತ್ತು. ತೆಳುವಾದ ಡಿಸ್ಕ್ ಬಿಸಿ ತಡೆಯುವುದಿಲ್ಲ, ಬಿರುಕು ಬಿಡಬಹುದು.

ಎಡದ್ದು ಮಾತ್ರ ಬದಲಾಯಿಸಿದರೆ ಸಾಲದೇ ಅಂತ ಕೇಳಿದೆ. ಕೂಡದು. ಡಿಸ್ಕಾಗಲಿ ಪ್ಯಾಡಾಗಲಿ ಒಂದು ಅಚ್ಚಿನ ಎರಡೂ ಪಕ್ಕಕ್ಕೆ ಒಟ್ಟಿಗೇ ಹಾಕಬೇಕು. ಇಲ್ಲವಾದರೆ ಒಂದು ಪಕ್ಕ ಹೆಚ್ಚು ಹಿಡಿದು ಗಾಡಿ ಎಳೆಯುತ್ತದೆ. ಮೊದಲೇ ಅಂದಾಜು ಮಾಡಿ ತರಿಸಿಟ್ಟಿದ್ದೆವು. ಎರಡು ಡಿಸ್ಕಿಗೆ 4,200 ರೂಪಾಯಿ, ಪ್ಯಾಡ್ ಸೆಟ್ಟಿಗೆ 1,450, ಪಿನ್ನು ಬೂಟುಗಳ ಕಿಟ್ ಮತ್ತು ಸಿಲಿಕೋನ್ ಗ್ರೀಸಿಗೆ ಸೇರಿ 600 ಚಿಲ್ಲರೆ.

ಇಷ್ಟೊಂದು ಬಿಸಿ ಎಲ್ಲಿಂದ ಬರುತ್ತದೆ ಅಂತ ಮಗಳು ಕೇಳಿದಳು. ಅವಳು ವಿಜ್ಞಾನದ ವಿದ್ಯಾರ್ಥಿನಿ, ಅವಳಿಗೇ ಲೆಕ್ಕ ಕೊಟ್ಟೆ. ಜನ ಸೇರಿ 1,100 ಕಿಲೋ ತೂಗುವ ಗಾಡಿ 500 ಮೀಟರ್ ಎತ್ತರದಿಂದ ಕೆಳಗಿಳಿದರೆ ಎಷ್ಟು ಶಕ್ತಿ ಕರಗಬೇಕು? ಸುಮಾರು 54 ಲಕ್ಷ ಜೂಲ್. ಹಾಗಂದರೆ ಯಾರಿಗೆ ಅರ್ಥವಾಗುತ್ತದೆ? ಅದನ್ನೇ ಬಚ್ಚಲಮನೆಯ ಲೆಕ್ಕಕ್ಕೆ ತಂದೆವು. ತಣ್ಣಗಿನ 17 ಲೀಟರ್ ನೀರು ಕುದಿಯಲು ಶುರುವಾಗುವಷ್ಟು ಕಾವು! ಅಷ್ಟನ್ನೂ ಬ್ರೇಕಿನಿಂದಲೇ ಹಿಡಿದರೆ ನಾಲ್ಕು ಚಕ್ರಗಳ ನಡುವೆ ಒಂದು ಸಣ್ಣ ಹಂಡೆ ಕಾಯಿಸಿದ ಹಾಗೆ. ಅದರಲ್ಲೂ ಬ್ರೇಕ್ ಹಾಕಿದಾಗ ಭಾರವೆಲ್ಲ ಮುಂದಕ್ಕೆ ವಾಲುವುದರಿಂದ ಹೆಚ್ಚಿನ ಪಾಲು ಮುಂದಿನ ಎರಡಕ್ಕೆ. ಅದಕ್ಕೇ ಸಣ್ಣ ಗಾಡಿಗಳಲ್ಲಿ ಮುಂದೆ ಗಾಳಿಗೆ ತೆರೆದುಕೊಂಡ ಡಿಸ್ಕ್, ಹಿಂದೆ ಮುಚ್ಚಿದ ಡ್ರಮ್. ಈ ಡಿಸ್ಕ್ ಹೊಸ ಸಂಗತಿಯೇನಲ್ಲ. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ. 1953ರಲ್ಲಿ ಫ್ರಾನ್ಸಿನ ಲೆಮಾನ್ ರೇಸನ್ನು ಡಿಸ್ಕ್ ಬ್ರೇಕಿನ ಜಾಗ್ವಾರ್ ಗೆದ್ದ ಮೇಲೆ ಜಗತ್ತು ಇದರ ಕಡೆ ತಿರುಗಿ ನೋಡಿತು.

ಘಾಟಿಯಲ್ಲಿ 'ಹತ್ತುವ ಗೇರಿನಲ್ಲೇ ಇಳಿ' ಅಂತ ಹಳೇ ಡ್ರೈವರುಗಳು ಹೇಳುವುದು ಈ ಹಂಡೆಯ ಕಾರಣಕ್ಕೇ. ಎಂಜಿನ್ನೇ ಗಾಡಿಯನ್ನು ಹಿಡಿದಿಟ್ಟರೆ ಕಾವಿನಲ್ಲಿ ಒಂದು ಪಾಲು ಅದರ ಲೆಕ್ಕಕ್ಕೆ ಹೋಗುತ್ತದೆ.

ಮತ್ತೆ ಕೆಲಸಕ್ಕೆ ಬರೋಣ. ಕ್ಯಾಲಿಪರ್ ಕೂರುವ ಬ್ರಾಕೆಟ್ಟಿನ ಎರಡು ಬೋಲ್ಟುಗಳು ಈ ಕೆಲಸದಲ್ಲೇ ಅತಿ ಗಟ್ಟಿ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು, ಕಾಫಿ ಕುಡಿದು ಬಂದು, ಉದ್ದ ಹಿಡಿಯ ಸ್ಪ್ಯಾನರಿಗೆ ಮೈಭಾರ ಹಾಕಿದ ಮೇಲೆ "ಟಕ್" ಅಂದವು. ಡಿಸ್ಕ್ ಮಾತ್ರ ಹಬ್ಬಿಗೆ ಅಂಟಿಕೊಂಡು ಕದಲಲಿಲ್ಲ. ಸುತ್ತಿಗೆ ಎತ್ತಿದ್ದೆ, ಮಾವ ತಡೆದರು. ಡಿಸ್ಕಿನ ಮುಖದಲ್ಲಿ ಎರಡು ಸಣ್ಣ ಮರೆಯ ತೂತುಗಳಿದ್ದವು. ಅವಕ್ಕೆ ಎಂಟು ಮಿಲಿಮೀಟರಿನ ಎರಡು ಬೋಲ್ಟ್ ಹಾಕಿ, ಇದಕ್ಕಷ್ಟು ಅದಕ್ಕಷ್ಟು ಅಂತ ತಿರುಗಿಸುತ್ತ ಹೋದಾಗ ಡಿಸ್ಕ್ ತಾನಾಗಿ ಮುಂದೆ ಬಂತು. ಬಹಳ ಗಾಡಿಗಳಲ್ಲಿ ಆ ತೂತುಗಳಿರುವುದೇ ಇದಕ್ಕೆ.

ಹೊಸ ಡಿಸ್ಕ್ ಕೂರುವ ಹಬ್ಬಿನ ಮುಖವನ್ನು ತಂತಿ ಬ್ರಷ್ಷಿನಿಂದ ಉಜ್ಜಿ ತುಕ್ಕು ತೆಗೆಯಬೇಕು. ಅಲ್ಲಿ ಒಂದು ಹೊಟ್ಟು ಉಳಿದರೂ ಡಿಸ್ಕ್ ವಾರೆಯಾಗಿ ಕೂತು ಬ್ರೇಕ್ ಒತ್ತಿದಾಗ ಪೆಡಲ್ ನಡುಗುತ್ತದೆ. ಬ್ರೇಕಿನ ಧೂಳನ್ನು ಮಾತ್ರ ಬಾಯಿಂದಲೂ ಊದಬಾರದು, ಗಾಳಿ ಪಂಪಿನಿಂದಲೂ ಊದಬಾರದು. ಹಿಂದೆಲ್ಲ ಪ್ಯಾಡುಗಳಲ್ಲಿ ಆಸ್ಬೆಸ್ಟಾಸ್ ಹಾಕುತ್ತಿದ್ದರು. ಈಗಿನದರಲ್ಲೂ ಆ ಪುಡಿ ಎದೆಗೆ ಒಳ್ಳೆಯದಲ್ಲ. ಮುಖಕ್ಕೆ ಮಾಸ್ಕ್, ಕೈಗೆ ಬ್ರೇಕ್ ಕ್ಲೀನರ್ ಸ್ಪ್ರೇ, ಒದ್ದೆ ಬಟ್ಟೆ. ಹೊಸ ಡಿಸ್ಕಿಗೆ ತುಕ್ಕು ಹಿಡಿಯದಂತೆ ಎಣ್ಣೆ ಸವರಿ ಕಳಿಸಿರುತ್ತಾರೆ, ಅದನ್ನೂ ಕ್ಲೀನರಿನಿಂದ ಪೂರ್ತಿ ಒರೆಸಬೇಕು. ಆಮೇಲೆ ಉಜ್ಜುವ ಮೈಯನ್ನು ಜಿಡ್ಡು ಕೈಯಿಂದ ಮುಟ್ಟುವಂತಿಲ್ಲ.

ಕಚ್ಚಿಕೊಂಡ ಪಿನ್ನನ್ನು ತಿರುಗಿಸಿ ತಿರುಗಿಸಿ ಹೊರತೆಗೆದು, ತೂತನ್ನು ಶುಚಿ ಮಾಡಿ, ಹೊಸ ಪಿನ್ನಿಗೆ ಸಿಲಿಕೋನ್ ಗ್ರೀಸ್ ತೆಳ್ಳಗೆ ಹಚ್ಚಿದೆ. ಮನೆಯಲ್ಲಿದ್ದ ಮಾಮೂಲಿ ಗ್ರೀಸ್ ಹಚ್ಚಿದ್ದರೆ ರಬ್ಬರ್ ಉಬ್ಬಿ ಮತ್ತೆ ಅದೇ ಕತೆ. ಹೊಸ ಬೂಟ್ ಹಾಕಿ ಬೆರಳಲ್ಲಿ ದೂಡಿದರೆ ಪಿನ್ನು ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯಿತು. "ನಿನ್ನ ಇಡೀ ರಿಪೇರಿ ಇದೇ. ಉಳಿದದ್ದೆಲ್ಲ ಸಾಮಾನು ಬದಲಾಯಿಸೋದು" ಅಂದರು ಮಾವ. ಎಷ್ಟು ನಿಜ! ಪಿನ್ ಹಾಗೇ ಬಿಟ್ಟು ಹೊಸ ಪ್ಯಾಡ್ ಹಾಕಿದ್ದರೆ ಕೆಲವೇ ತಿಂಗಳಲ್ಲಿ ಅದೂ ಹಪ್ಪಳವಾಗುತ್ತಿತ್ತು.

ಹೊಸ ಪ್ಯಾಡು ದಪ್ಪ. ಅದಕ್ಕೆ ಜಾಗವಾಗಲು ಪಿಸ್ಟನ್ನನ್ನು ಒಳಕ್ಕೆ ದೂಡಬೇಕು. ಬಡಗಿಗಳ ಸಿ ಕ್ಲಾಂಪ್ ತಂದು, ಹಳೆ ಪ್ಯಾಡನ್ನು ಅಡ್ಡ ಇಟ್ಟು ಮೆಲ್ಲನೆ ತಿರುಗಿಸಿದೆ. ಆಗ ಬಾನೆಟ್ಟಿನಡಿ ಇರುವ ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಮಟ್ಟ ಏರುತ್ತದೆ, ಉಕ್ಕದಂತೆ ಒಬ್ಬರು ಕಾಯಬೇಕು. ಎಲ್ಲರೂ ಆಯಿಲ್ ಅಂದರೂ ಅದು ಎಣ್ಣೆಯಲ್ಲ, ಚೆಲ್ಲಿದರೆ ಗಾಡಿಯ ಬಣ್ಣವನ್ನೇ ತಿನ್ನುತ್ತದೆ. ಉಪ್ಪಿನ ಹಾಗೆ ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಡಾಟ್ 4 ಎಂಬ ದರ್ಜೆಯದ್ದು ಹೊಸತಿರುವಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು. ತೇವ ಕುಡಿದ ಮೇಲೆ ಅದು 155ಕ್ಕೂ ಇಳಿಯಬಹುದು. ಘಾಟಿಯ ಕಾವಿಗೆ ಕುದ್ದು ಗುಳ್ಳೆ ಎದ್ದರೆ ಪೆಡಲ್ ಮೆತ್ತಗಾಗಿ ಕೆಳಗಿಳಿಯುತ್ತದೆ. ನಮ್ಮ ಮಲೆನಾಡಿನ ತೇವಕ್ಕೆ ಎರಡು ವರ್ಷಕ್ಕೊಮ್ಮೆ ಬದಲಾಯಿಸುವುದು ಕ್ಷೇಮ. ಆ ಕೆಲಸವನ್ನು ನಾನು ಗ್ಯಾರೇಜಿಗೇ ಬಿಟ್ಟಿದ್ದೇನೆ.

ಬೋಲ್ಟುಗಳನ್ನು ಕೈಪಿಡಿಯಲ್ಲಿ ಹೇಳಿದಷ್ಟೇ ಬಲಕ್ಕೆ ಟಾರ್ಕ್ ರೆಂಚಿನಿಂದ ಬಿಗಿದು, ಚಕ್ರದ ನಟ್ಟುಗಳನ್ನು ಎದುರುಬದುರಾಗಿ ಬಿಗಿದು ಎಡಗಡೆ ಮುಗಿಸುವಾಗ ಊಟದ ಹೊತ್ತು. ಬಲಗಡೆ ಒಂದೂವರೆ ಗಂಟೆಯಲ್ಲಿ ಮುಗಿಯಿತು. ಸಂಜೆ ನಾಲ್ಕಕ್ಕೆ ಗಾಡಿ ನಾಲ್ಕು ಕಾಲ ಮೇಲೆ ನಿಂತಿತು. ಹಿಂದಿನ ಚಕ್ರದ ಮರದ ತುಂಡುಗಳನ್ನೂ ತೆಗೆದೆ. ಮೋಡ ಕವಿದಿತ್ತು. "ಮುಗೀತು! ಮಳೆ ಬರೋದ್ರೊಳಗೆ ಶೆಡ್ಡಿಗೆ ಹಾಕೇ" ಅಂತ ಮಗಳಿಗೆ ಕೀ ಕೊಟ್ಟು, ಮಾವನಿಗೆ ಚಹಾ ತರಲು ಒಳಗೆ ಹೋದೆ.

ಶೆಡ್ಡಿಗೆ ಹಾಕಲು ಗಾಡಿ ಹಿಂದಕ್ಕೆ ಬರಬೇಕು. ಅಂಗಳದ ಆ ಕೊನೆ ತೋಟದ ಕಡೆ ಇಳಿಜಾರು. ಒಲೆ ಹಚ್ಚುತ್ತಿದ್ದವಳಿಗೆ ಮಾವನ ಕೂಗು ಕೇಳಿಸಿತು: "ಹ್ಯಾಂಡ್‌ಬ್ರೇಕ್! ಹ್ಯಾಂಡ್‌ಬ್ರೇಕ್ ಎಳಿಯೇ!"

ಓಡಿ ಬಂದೆ. ಗಾಡಿ ತುಳಸಿಕಟ್ಟೆಗೆ ಒಂದು ಮೊಳ ದೂರದಲ್ಲಿ ನಿಂತಿತ್ತು. ಮಗಳ ಮುಖ ಬಿಳಿಚಿತ್ತು. "ಅಮ್ಮಾ, ಬ್ರೇಕ್ ನೆಲಕ್ಕೇ ಹೋಯ್ತು..." ಅಂದಳು. ಕುರ್ಚಿಯಿಂದ ಏಳಲಾಗದ ಮಾವ ಎದ್ದು ನಿಂತಿದ್ದರು.

ಆದದ್ದು ಇಷ್ಟೇ. ಪಿಸ್ಟನ್ನನ್ನು ಒಳಕ್ಕೆ ದೂಡಿದ ಮೇಲೆ ಅದಕ್ಕೂ ಪ್ಯಾಡಿಗೂ ನಡುವೆ ಅಂತರ ಇರುತ್ತದೆ. ಎಂಜಿನ್ ಶುರು ಮಾಡಿ ಗಾಡಿ ಕದಲಿಸುವ ಮೊದಲು, ನಿಂತಲ್ಲೇ ಪೆಡಲನ್ನು ಹತ್ತು ಹದಿನೈದು ಸಲ ನಿಧಾನಕ್ಕೆ ಒತ್ತಿ ಬಿಟ್ಟು ಆ ಅಂತರ ತುಂಬಿಸಬೇಕು. ಪೆಡಲ್ ಕಾಲಿಗೆ ಗಟ್ಟಿಯಾಗಿ ಸಿಕ್ಕುವವರೆಗೆ ಗಾಡಿಗೆ ಬ್ರೇಕೇ ಇಲ್ಲ. ನನಗೆ ಗೊತ್ತಿತ್ತು. ಮಾವನಿಗೆ ಗೊತ್ತಿತ್ತು. ಮಗಳ ನೋಟ್‌ಬುಕ್ಕಿನ ಕೊನೆಯ ಸಾಲಿನಲ್ಲಿ 'ಪೆಡಲ್ ಪಂಪ್ ಮಾಡುವುದು' ಅಂತ ಬರೆದೂ ಇತ್ತು. ಅದರ ಮುಂದೆ ಟಿಕ್ ಇರಲಿಲ್ಲ. ಹ್ಯಾಂಡ್‌ಬ್ರೇಕ್ ನಮ್ಮ ಗಾಡಿಯಲ್ಲಿ ಕೇಬಲ್ಲಿನಿಂದ ಹಿಂದಿನ ಡ್ರಮ್ ಹಿಡಿಯುವಂಥದ್ದು, ಇದಕ್ಕೂ ಅದಕ್ಕೂ ಸಂಬಂಧವಿಲ್ಲ. ಅದೊಂದು ಉಳಿಸಿತು.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಬೆಳಗ್ಗೆಯಿಂದ ನನ್ನ ಮನಸ್ಸಿನಲ್ಲಿ ಗ್ಯಾರೇಜಿನ ಆ ಹುಡುಗನ ಮೇಲೆ ಒಂದು ಸಿಟ್ಟು ಕುದಿಯುತ್ತಲೇ ಇತ್ತು. ಒಳಗೆ ನೋಡದೆ 'ಓಕೆ' ಅಂದನಲ್ಲ ಅಂತ. ಸಂಜೆ ನಾನು ಮಾಡಿದ್ದೇನು? ಪೆಡಲ್ ಒತ್ತಿ ನೋಡದೆ 'ಮುಗೀತು' ಅಂದೆ. ಅವನು ಟಾರ್ಚ್ ಹಾಕಿದ್ದ, ನಾನು ಇಡೀ ದಿನ ದುಡಿದಿದ್ದೆ. ಇಬ್ಬರೂ ಮಾಡಿದ್ದು ಒಂದೇ, ಕೊನೆಯ ಒಂದನ್ನು ನೋಡದೆ ಟಿಕ್ ಹಾಕಿದ್ದು. ಅವನ ಟಿಕ್ಕನ್ನು ನಂಬಿ ನಾನು ಘಾಟಿ ಇಳಿದೆ. ನನ್ನ ಮಾತನ್ನು ನಂಬಿ ನನ್ನ ಮಗಳು ಗಾಡಿ ಹತ್ತಿದಳು. ಮರುದಿನ ಗ್ಯಾರೇಜಿಗೆ ಹೋದಾಗ ಜಗಳವಾಡಬೇಕೆಂದಿದ್ದ ಮಾತುಗಳೆಲ್ಲ ಬಾಯಲ್ಲೇ ಉಳಿದವು. ಸವೆದ ಪ್ಯಾಡನ್ನು ಅವರ ಮೇಜಿನ ಮೇಲಿಟ್ಟು, "ಒಳಗಿನದು ಹೀಗಿತ್ತು" ಅಂದೆ. ಹುಡುಗ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಬ್ರೇಕ್ ಆಯಿಲ್ ಬದಲಾಯಿಸಿ, ನಾನು ಬಿಗಿದ ಬೋಲ್ಟುಗಳನ್ನೆಲ್ಲ ಇನ್ನೊಮ್ಮೆ ಪರೀಕ್ಷಿಸಿ ಕೊಟ್ಟ. ಈ ಸಲ ಚಕ್ರ ಕಳಚಿಯೇ ನೋಡಿದ.

ಹೊಸ ಪ್ಯಾಡ್ ಹಾಕಿದ ಕೂಡಲೇ ಘಾಟಿಗೆ ಇಳಿಯಬೇಡಿ. ಪ್ಯಾಡಿಗೂ ಡಿಸ್ಕಿಗೂ ಹೊಂದಾಣಿಕೆ ಆಗಬೇಕು. ಖಾಲಿ ರಸ್ತೆಯಲ್ಲಿ ಗಂಟೆಗೆ 50 ಕಿಲೋಮೀಟರ್ ವೇಗದಿಂದ 15ಕ್ಕೆ ಇಳಿಸುವಂತೆ ಹತ್ತು ಸಲ ಹದವಾಗಿ ಒತ್ತಿ. ಪೂರ್ತಿ ನಿಲ್ಲಿಸದೆ, ಒಂದೊಂದು ಸಲದ ನಡುವೆ ತುಸು ದೂರ ಓಡಿಸಿ ಆರಲು ಬಿಡಿ. ಮೊದಲ 100 ಕಿಲೋಮೀಟರಿನೊಳಗೆ ಚಕ್ರದ ನಟ್ಟುಗಳನ್ನು ಮತ್ತೊಮ್ಮೆ ನೋಡಿ.

ಇದನ್ನು ನೀವೇ ಮಾಡಬೇಕೇ? ಟಾರ್ಕ್ ರೆಂಚ್, ಜಾಕ್ ಸ್ಟ್ಯಾಂಡ್, ಪಕ್ಕದಲ್ಲಿ ತಿಳಿದವರೊಬ್ಬರು ಇಲ್ಲದಿದ್ದರೆ ಬೇಡ. ಬ್ರೇಕ್ ಪೈಪ್ ಬಿಚ್ಚಬೇಕಾಗಿ ಬಂದರೆ, ಪಿಸ್ಟನ್ ಸುತ್ತ ಒದ್ದೆ ಕಂಡರೆ, ಗುಂಡಿ ಒತ್ತಿದರೆ ಹಿಡಿಯುವ ಎಲೆಕ್ಟ್ರಾನಿಕ್ ಹ್ಯಾಂಡ್‌ಬ್ರೇಕಿನ ಹಿಂದಿನ ಡಿಸ್ಕ್ ಆಗಿದ್ದರೆ ಅಲ್ಲಿಗೇ ಕೈ ತೊಳೆದು ಗ್ಯಾರೇಜಿಗೆ ಹೋಗಿ. ಆದರೆ ಕೇಳುವುದಕ್ಕೆ ಸ್ಪ್ಯಾನರ್ ಬೇಡ. ಮುಂದಿನ ಸರ್ವಿಸ್ ಚೀಟಿಯಲ್ಲಿ 'ಬ್ರೇಕ್ ಓಕೆ' ಅಂತ ಕಂಡಾಗ ಒಂದೇ ಒಂದು ಪ್ರಶ್ನೆ ಕೇಳಿ: "ಒಳಗಿನ ಪ್ಯಾಡು ನೋಡಿದ್ರಾ?"

ಮುಂದಿನ ತಿಂಗಳು ಮತ್ತೆ ಘಾಟಿ ಇಳಿದೆವು. ಮನೆ ಬಿಡುವ ಮೊದಲು ಮಗಳು ಬಾಗಿಲಲ್ಲಿ ನಿಂತು, "ಅಮ್ಮಾ, ಪೆಡಲ್?" ಅಂದಳು. ಒತ್ತಿ ತೋರಿಸಿದೆ, ಗಟ್ಟಿ ಇತ್ತು. ಹಾಡು ಹಾಕಲಿಲ್ಲ, ಕಿಟಕಿ ಇಳಿಸಿಯೇ ಓಡಿಸಿದೆ. ಒಂದೊಂದು ತಿರುವಿನಲ್ಲೂ ಕಿವಿ ಚಕ್ರದ ಕಡೆಗೇ. ಕೇಳಿಸಿದ್ದು ಝರಿಗಳ ಸದ್ದು ಮಾತ್ರ. ಹದಿನಾಲ್ಕನೆಯ ತಿರುವು ದಾಟಿ, "ಅತ್ತೆ, ಇವತ್ತು ಏನಾದ್ರೂ ಕೇಳ್ತಾ?" ಅಂದೆ.

ಉತ್ತರ ಬರಲಿಲ್ಲ. ಕನ್ನಡಿಯಲ್ಲಿ ನೋಡಿದರೆ, ಅತ್ತೆಗೆ ಗಾಢ ನಿದ್ದೆ.